ಹದಿನೆಂಟರ ಉದ್ರಿ ಖಾತೆ

ಧಾರವಾಡದ ಸಪ್ತಾಪುರದಲ್ಲಿ ಬೆಳಕು ಹರಿಯುವ ಮೊದಲೇ ರೀಡಿಂಗ್ ರೂಮುಗಳ ಬಾಗಿಲಲ್ಲಿ ಚಪ್ಪಲಿಗಳು ಸಾಲುಗಟ್ಟಿರುತ್ತವೆ. ಕೊಪ್ಪಳ, ಹಾವೇರಿ, ಬೀದರ್ ಕಡೆಯಿಂದ ಬಂದ ಹುಡುಗ ಹುಡುಗಿಯರು ಅಲ್ಲಿ ಎರಡು ಮೂರು ವರ್ಷ ಕೂತು ಓದುತ್ತಾರೆ. ಬ್ಯಾಂಕ್ ಪರೀಕ್ಷೆಗೆ ಕಟ್ಟಿದವರಿಗೆ ಚಕ್ರಬಡ್ಡಿಯ ಲೆಕ್ಕ ನಿದ್ದೆಗಣ್ಣಲ್ಲೂ ಬರುತ್ತದೆ. ಆದರೆ ಆ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಅಧಿಸೂಚನೆಯ ಒಳಪುಟದಲ್ಲಿರುವ ಒಂದು ಷರತ್ತಿನ ಮೇಲೆ ಅವರ ಕಣ್ಣು ಓಡುವುದು ಕಡಿಮೆ. ಕೆಲಸಕ್ಕೆ ಸೇರುವ ಹೊತ್ತಿಗೆ ಅಭ್ಯರ್ಥಿಯ ಸಾಲದ ದಾಖಲೆ ಚೊಕ್ಕಟವಾಗಿರಬೇಕು. ಇಲ್ಲದಿದ್ದರೆ ಅದನ್ನು ಸರಿಪಡಿಸಿಕೊಂಡು ಬರಬೇಕು, ಅಥವಾ ಸಾಲ ಕೊಟ್ಟವರಿಂದ ಬೇಬಾಕಿ ಪತ್ರ ತರಬೇಕು.

ಇಂಥ ಷರತ್ತು ಎಷ್ಟು ಬಿಗಿ ಎನ್ನುವುದು 2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ ಕಂಡಿತು. ಸ್ಟೇಟ್ ಬ್ಯಾಂಕಿನ ಅಧಿಕಾರಿ ಹುದ್ದೆಗೆ ಆಯ್ಕೆಯಾಗಿ, ನೇಮಕದ ಪತ್ರವನ್ನೂ ಕೈಯಲ್ಲಿ ಹಿಡಿದಿದ್ದ ಯುವಕನ ನೇಮಕಾತಿಯನ್ನು ಬ್ಯಾಂಕು ರದ್ದು ಮಾಡಿತ್ತು. ಕಾರಣ, ಸಾಲದ ದಾಖಲೆಯಾದ ಸಿಬಿಲ್ ವರದಿಯಲ್ಲಿದ್ದ ಹಳೆಯ ಸುಸ್ತಿಗಳು. ಸಾಲವನ್ನೆಲ್ಲ ತೀರಿಸಿದ್ದೇನಲ್ಲ ಎಂದು ಆತ ವಾದಿಸಿದ. ತೀರಿಸಿದ್ದು ಬೇರೆ, ಹೊತ್ತಿಗೆ ಸರಿಯಾಗಿ ಕಟ್ಟಿದ್ದು ಬೇರೆ ಎಂಬ ಬ್ಯಾಂಕಿನ ನಿಲುವನ್ನು ಕೋರ್ಟು ಎತ್ತಿಹಿಡಿಯಿತು. ಸಾರ್ವಜನಿಕರ ಹಣ ನೋಡಿಕೊಳ್ಳುವ ಕೆಲಸಕ್ಕೆ ಬರುವವನು ತನ್ನ ಹಣದಲ್ಲಿ ಶಿಸ್ತಾಗಿರಬೇಕೆಂದು ಬ್ಯಾಂಕು ಬಯಸುವುದರಲ್ಲಿ ತಪ್ಪಿಲ್ಲ ಎಂಬುದು ತೀರ್ಪಿನ ತಿರುಳು.

ಈ ದಾಖಲೆ ಬರೆಯುವವರು ಯಾರು? ಊರಿನ ಕಿರಾಣಿ ಅಂಗಡಿಯಲ್ಲಿ ಶೆಟ್ಟರು ಉದ್ದನೆಯ ಉದ್ರಿ ಪುಸ್ತಕ ಇಡುತ್ತಿದ್ದರಲ್ಲ, ಇದೂ ಅದೇ ಜಾತಿಯದು. ಅಂಗಡಿ ಮಾತ್ರ ದೇಶದಷ್ಟು ದೊಡ್ಡದು. ಸಿಬಿಲ್ ಎಂದು ಎಲ್ಲರ ಬಾಯಲ್ಲಿರುವ ಸಂಸ್ಥೆ 2000ದಲ್ಲಿ ಮುಂಬಯಿಯಲ್ಲಿ ಹುಟ್ಟಿತು. 2005ರ ಕಾಯ್ದೆಯೊಂದು ಇಂಥ ಸಂಸ್ಥೆಗಳಿಗೆ ಚೌಕಟ್ಟು ಹಾಕಿತು. ಈಗ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ನಾಲ್ಕು ಸಂಸ್ಥೆಗಳಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್. ಬ್ಯಾಂಕು, ಫೈನಾನ್ಸ್ ಕಂಪನಿಗಳು ತಮ್ಮ ಸಾಲಗಾರರ ಲೆಕ್ಕವನ್ನು ಈ ನಾಲ್ಕಕ್ಕೂ ಒಪ್ಪಿಸಬೇಕು. ಮೊದಲು ತಿಂಗಳಿಗೊಮ್ಮೆ ಒಪ್ಪಿಸಿದರೆ ಸಾಕಿತ್ತು. 2025ರ ಜನವರಿಯಲ್ಲಿ ಅದು ಹದಿನೈದು ದಿನಕ್ಕೊಮ್ಮೆ ಆಯಿತು. ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರು ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಪ್ಯಾನ್ ಸಂಖ್ಯೆ ಹಿಡಿದು ಒಬ್ಬೊಬ್ಬರ ಪುಟ ತಯಾರಾಗುತ್ತದೆ. ಪುಟದ ಸಾರವನ್ನು 300ರಿಂದ 900ರ ನಡುವಿನ ಒಂದು ಅಂಕಿಗೆ ಇಳಿಸಿದರೆ ಅದೇ ಕ್ರೆಡಿಟ್ ಸ್ಕೋರ್. 750 ದಾಟಿದವರನ್ನು ಬ್ಯಾಂಕಿನವರು ಕುರ್ಚಿ ಕೊಟ್ಟು ಕೂರಿಸುತ್ತಾರೆ.

ಶೆಟ್ಟರ ಪುಸ್ತಕಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಉದ್ರಿಯನ್ನೇ ಕೇಳದ ಮನೆಯವರು ಶೆಟ್ಟರ ಕಣ್ಣಿನಲ್ಲಿ ದೊಡ್ಡವರು. ಅಂಥ ಮನೆಯ ಹುಡುಗ ಎಂದಾದರೂ ಒಮ್ಮೆ ಮುಜುಗರಪಡುತ್ತ ಬಂದು ಕೇಳಿದರೆ, ಲೆಕ್ಕ ಬರೆಯದೆಯೂ ಒಂದು ಮೂಟೆ ಅಕ್ಕಿ ಕೊಟ್ಟು ಕಳಿಸುತ್ತಿದ್ದರು. ಕಂಪ್ಯೂಟರಿಗೆ ಮನೆತನ ಗೊತ್ತಿಲ್ಲ. ಸಾಲವನ್ನೇ ಮಾಡದವನ ಪುಟ ಅದಕ್ಕೆ ಖಾಲಿ ಪುಟ. ಸಿಬಿಲ್ ವರದಿಯಲ್ಲಿ ಅಂಥವರ ಸ್ಕೋರಿನ ಜಾಗದಲ್ಲಿ ಮೈನಸ್ ಒಂದು ಅಥವಾ ಎನ್‌ಎಚ್ ಎಂದು, ಅಂದರೆ ಚರಿತ್ರೆ ಇಲ್ಲ ಎಂದು ನಮೂದಾಗುತ್ತದೆ. ಸರ್ವಜ್ಞನ ಸಾಲದ ವಚನವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿಸಿ ಬೆಳೆಸಿದ ನಾಡಿನಲ್ಲಿ ಇದನ್ನು ಹಿರಿಯರಿಗೆ ಅರ್ಥ ಮಾಡಿಸುವುದು ಕಷ್ಟ. ಜೀವನಪೂರ್ತಿ ಯಾರಿಗೂ ಕೈಯೊಡ್ಡದ ಮೇಷ್ಟ್ರು ನಿವೃತ್ತಿಯ ಅಂಚಿನಲ್ಲಿ ಕಾರಿಗೆ ಸಾಲ ಕೇಳಿದಾಗ, ‘ಸರ್, ನಿಮ್ಮ ಹಿಸ್ಟರಿ ಸಿಗ್ತಿಲ್ಲ’ ಎನ್ನಿಸಿಕೊಂಡು ಪೆಚ್ಚಾಗುವುದು ಈಗ ಅಪರೂಪವೇನಲ್ಲ.

ಇಲ್ಲಿ ಒಂದು ಸಮಾಧಾನದ ಸಂಗತಿಯಿದೆ. ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎಂದು ರಿಸರ್ವ್ ಬ್ಯಾಂಕು ಹೇಳಿದೆ. 2025ರ ಮಳೆಗಾಲದ ಅಧಿವೇಶನದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರು ಸಂಸತ್ತಿನಲ್ಲಿ ಇದನ್ನೇ ಮತ್ತೆ ಹೇಳಿದರು. ಇಷ್ಟೇ ಸ್ಕೋರ್ ಇರಬೇಕೆಂದು ರಿಸರ್ವ್ ಬ್ಯಾಂಕು ಎಲ್ಲೂ ವಿಧಿಸಿಲ್ಲ ಎಂದೂ ಸ್ಪಷ್ಟಪಡಿಸಿದರು. ಆದ್ದರಿಂದ ಸ್ಕೋರ್ ಬೆಳೆಸಲೆಂದೇ ಬೇಡದ ಸಾಲ ಮಾಡಬೇಕೆಂದು ಯೂಟ್ಯೂಬಿನಲ್ಲಿ ಬೋಧಿಸುವವರ ಮಾತಿಗೆ ಹತ್ತೊಂಬತ್ತರ ಹುಡುಗರು ಕಿವಿಗೊಡಬೇಕಾಗಿಲ್ಲ. ಅಷ್ಟಕ್ಕೂ ಬಹಳಷ್ಟು ವಿದ್ಯಾರ್ಥಿಗಳ ಪುಟ ಖಾಲಿ ಇಲ್ಲ. ಅವರಿಗೆ ಗೊತ್ತಿಲ್ಲದೆ ಯಾರೋ ಅದರಲ್ಲಿ ಬರೆಯಲು ಶುರುಮಾಡಿಯಾಗಿದೆ.

ಆ ಮೊದಲ ಸಾಲನ್ನು ಸಾಮಾನ್ಯವಾಗಿ ಬರೆಯುವುದು ಶಿಕ್ಷಣ ಸಾಲ. ಹದಿನೆಂಟು ತುಂಬಿ ಎಂಜಿನಿಯರಿಂಗ್‌ಗೋ ನರ್ಸಿಂಗ್‌ಗೋ ಸೇರಿದ ವಿದ್ಯಾರ್ಥಿ ಬ್ಯಾಂಕಿನಲ್ಲಿ ಹತ್ತಾರು ಕಡೆ ಸಹಿ ಹಾಕುತ್ತಾನೆ; ಪಕ್ಕದಲ್ಲಿ ಅಪ್ಪನೋ ಅಮ್ಮನೋ ಸಹಸಾಲಗಾರರಾಗಿ ಸಹಿ ಹಾಕುತ್ತಾರೆ. ನಾಲ್ಕು ಲಕ್ಷದವರೆಗೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳುವಂತಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ ಅಡಮಾನವೂ ಬೇಡ, ಜಾಮೀನೂ ಬೇಡ. ಮನೆಯ ವರ್ಷದ ಆದಾಯ ಎಂಟು ಲಕ್ಷದೊಳಗಿದ್ದು ಬೇರೆ ಸವಲತ್ತು ಪಡೆಯದವರಿಗೆ, ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿ ರಿಯಾಯಿತಿಯೂ ಉಂಟು.

ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಎಂದು ಮ್ಯಾನೇಜರು ಹೇಳುತ್ತಾರೆ. ಮನೆಯವರು ಇದನ್ನು ಕೇಳಿಸಿಕೊಳ್ಳುವುದು ‘ಅಲ್ಲಿಯವರೆಗೆ ಏನೂ ಇಲ್ಲ’ ಎಂದು. ಬಡ್ಡಿ ಮಾತ್ರ ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ಲೆಕ್ಕಕ್ಕೆಂದು ಶೇ. 10ರ ಸರಳ ಬಡ್ಡಿ ಇಟ್ಟುಕೊಳ್ಳೋಣ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಪಡೆದರೆ, ಮೊದಲ ಲಕ್ಷದ ಮೇಲೆ ಐದು ವರ್ಷದ ಬಡ್ಡಿ 50,000, ಎರಡನೆಯದರ ಮೇಲೆ 40,000, ಆಮೇಲಿನವಕ್ಕೆ 30,000 ಮತ್ತು 20,000. ಕಂತು ಶುರುವಾಗುವ ದಿನ ಪುಸ್ತಕದಲ್ಲಿರುವುದು ನಾಲ್ಕು ಲಕ್ಷವಲ್ಲ, 5 ಲಕ್ಷ 40 ಸಾವಿರ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಏಳು ಸಾವಿರ ಚಿಲ್ಲರೆ. ಬೆಂಗಳೂರಿನಲ್ಲಿ ಇಪ್ಪತ್ತು ಸಾವಿರದ ಮೊದಲ ಸಂಬಳಕ್ಕೆ ಸೇರಿ, ಪಿಜಿ ಬಾಡಿಗೆ ಕಟ್ಟುವ ಹುಡುಗಿಗೆ ಇದು ಸಣ್ಣ ಮೊತ್ತವಲ್ಲ. ಓದುತ್ತಿರುವಾಗಲೇ ತಿಂಗಳ ಬಡ್ಡಿಯನ್ನಾದರೂ ಕಟ್ಟಿಕೊಂಡು ಬಂದವರಿಗೆ ಎರಡು ಲಾಭ: ಅಸಲು ಊದಿಕೊಳ್ಳುವುದಿಲ್ಲ, ಬಡ್ಡಿಯಲ್ಲೂ ಬಹಳಷ್ಟು ಬ್ಯಾಂಕುಗಳು ಸ್ವಲ್ಪ ರಿಯಾಯಿತಿ ಕೊಡುತ್ತವೆ. ಕೆಲಸ ಸಿಗುವುದು ತಡವಾದರೆ ಕಂತು ಶುರುವಾಗುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ಮುಂದೂಡಲು ಬರೆದುಕೊಡಬಹುದು. ನಾಚಿಕೆಯಿಂದ ಬ್ಯಾಂಕಿನ ರಸ್ತೆಯನ್ನೇ ತಪ್ಪಿಸಿ ಓಡಾಡುವವರೇ ಸುಸ್ತಿದಾರರಾಗುತ್ತಾರೆ.

ವಿದ್ಯಾರ್ಥಿಯ ಸ್ಕೋರೇ ಕೆಟ್ಟಿದ್ದರೆ ಶಿಕ್ಷಣ ಸಾಲ ಇಲ್ಲವೇ? ವಿದ್ಯಾರ್ಥಿಗಳು ನಾಳೆಯ ನಾಡು ಕಟ್ಟುವವರು, ಕಡಿಮೆ ಸಿಬಿಲ್ ಸ್ಕೋರ್ ಒಂದನ್ನೇ ಹಿಡಿದು ಅವರ ಅರ್ಜಿ ತಿರಸ್ಕರಿಸಬಾರದು ಎಂದು ಕೇರಳ ಹೈಕೋರ್ಟು 2023ರಲ್ಲಿ ಹೇಳಿತು. ಆ ಪ್ರಕರಣದಲ್ಲಿ ವಿದ್ಯಾರ್ಥಿಯ ಹಳೆಯ ಎರಡು ಸಾಲಗಳ ಪೈಕಿ ಒಂದರಲ್ಲಿ ಬಾಕಿಯಿತ್ತು, ಇನ್ನೊಂದನ್ನು ಬ್ಯಾಂಕು ವಜಾ ಖಾತೆಗೆ ಹಾಕಿತ್ತು. ಅಷ್ಟಾದರೂ ಹಣ ಬಿಡುಗಡೆ ಮಾಡಿಸಿಕೊಳ್ಳಲು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ. ಎಲ್ಲ ಮನೆಗಳಿಗೂ ಅದು ಆಗುವ ಮಾತಲ್ಲ.

ಸಾಲವೇ ಇಲ್ಲದೆ ಓದುವವರು ಚರಿತ್ರೆ ಶುರುಮಾಡಬೇಕೆಂದರೆ ಇರುವ ಸುರಕ್ಷಿತ ದಾರಿ ಠೇವಣಿಯ ಮೇಲೆ ಕೊಡುವ ಕ್ರೆಡಿಟ್ ಕಾರ್ಡು. ಹತ್ತಿಪ್ಪತ್ತು ಸಾವಿರದ ಎಫ್‌ಡಿ ಇಟ್ಟರೆ, ಸಂಬಳದ ಚೀಟಿ ಕೇಳದೆ, ಅದರ ಮೊತ್ತಕ್ಕೆ ತಕ್ಕ ಮಿತಿಯ ಕಾರ್ಡನ್ನು ಹಲವು ಬ್ಯಾಂಕುಗಳು ಕೊಡುತ್ತವೆ. ಎಫ್‌ಡಿಗೆ ಬಡ್ಡಿಯೂ ಬರುತ್ತಿರುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ದಿನಕ್ಕೆ ಇಪ್ಪತ್ತು ಸಲ ಯುಪಿಐ ಸ್ಕ್ಯಾನ್ ಮಾಡಿದರೂ, ಡೆಬಿಟ್ ಕಾರ್ಡನ್ನು ಎಷ್ಟು ಉಜ್ಜಿದರೂ ಸ್ಕೋರ್ ಒಂದಂಕಿ ಏರುವುದಿಲ್ಲ. ಅದು ನಮ್ಮದೇ ದುಡ್ಡು, ಸಾಲವಲ್ಲ. ಅದೇ ಯುಪಿಐಗೆ ರುಪೇ ಕ್ರೆಡಿಟ್ ಕಾರ್ಡು ಜೋಡಿಸಿದ್ದರೆ, ಗೋಬಿ ಮಂಚೂರಿ ಗಾಡಿಯಲ್ಲಿ ಕೊಟ್ಟ ಅರವತ್ತು ರೂಪಾಯಿಯೂ ಸಾಲದ ಲೆಕ್ಕಕ್ಕೆ ಸೇರುತ್ತದೆ. ಊರಿನ ಚೀಟಿ ವ್ಯವಹಾರ, ಗೆಳೆಯನಿಗೆ ಹಿಂದಿರುಗಿಸಿದ ಕೈಗಡ, ತಪ್ಪದೆ ಕಟ್ಟಿದ ಹಾಸ್ಟೆಲ್ ಫೀಸು, ಇವಾವುವೂ ಆ ಪುಟಕ್ಕೆ ಹೋಗುವುದಿಲ್ಲ.

ಕಾರ್ಡು ಒಳ್ಳೆಯ ಆಳು, ಆದರೆ ಅದರ ಬಿಲ್ಲಿನಲ್ಲಿ ಒಂದು ಹೊಂಡವಿದೆ. ‘ಕನಿಷ್ಠ ಪಾವತಿ’ ಎಂಬ ಸಣ್ಣ ಮೊತ್ತವನ್ನು ಒಟ್ಟು ಬಾಕಿಯ ಪಕ್ಕದಲ್ಲೇ ಮುದ್ರಿಸಿರುತ್ತಾರೆ. 10,000 ರೂಪಾಯಿ ಬಾಕಿಗೆ 500 ಕಟ್ಟಿ ನಿರಾಳವಾದ ವಿದ್ಯಾರ್ಥಿಯ ಲೆಕ್ಕ ನೋಡಿ. ತಿಂಗಳಿಗೆ ಶೇ. 3.5ರ ಬಡ್ಡಿ 350 ರೂಪಾಯಿ. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 63 ರೂಪಾಯಿ. ಉಳಿದ 87 ರೂಪಾಯಿಯಷ್ಟೇ ಅಸಲಿಗೆ ಹೋಯಿತು. ಊರಿನ ಮೀಟರ್ ಬಡ್ಡಿಯವರನ್ನು ಬೈಯುವ ನಾವು ವರ್ಷಕ್ಕೆ ಶೇ. 42ರ ಈ ಬಡ್ಡಿಯನ್ನು ಪ್ಲಾಸ್ಟಿಕ್ಕಿನ ಹೊಳಪಿನಲ್ಲಿ ಗಮನಿಸುವುದಿಲ್ಲ. ಕೊನೆಯ ದಿನ ಮರೆತುಹೋದರೆ ತಕ್ಷಣ ಗಾಬರಿಯಾಗಬೇಕಿಲ್ಲ: ಗಡುವು ಕಳೆದು ಮೂರು ದಿನ ಮೀರುವವರೆಗೆ ಬ್ಯಾಂಕು ತಡವೆಂದು ವರದಿ ಮಾಡುವಂತಿಲ್ಲ, ದಂಡವನ್ನೂ ಹಾಕುವಂತಿಲ್ಲ. ಮಿತಿಯ ಮೂರನೆಯ ಒಂದು ಭಾಗದೊಳಗೆ ಖರ್ಚು ಇರಿಸಿಕೊಂಡು, ಪೂರ್ತಿ ಬಿಲ್ಲನ್ನು ಖಾತೆಯಿಂದ ತಾನಾಗಿ ಕಡಿತವಾಗುವಂತೆ ಹೊಂದಿಸಿಟ್ಟರೆ ಕಾರ್ಡಿನ ಕೆಲಸ ಮುಗಿಯಿತು.

ಇಷ್ಟು ಶಿಸ್ತಿನಿಂದ ಶುರುಮಾಡುವವರು ಕಡಿಮೆ ಎಂಬುದು ಮೊಬೈಲ್ ಅಂಗಡಿಗಳಿಗೆ ಹೋದವರಿಗೆ ಗೊತ್ತು. ಅಲ್ಲಿ ಫೋನಿನ ಬೆಲೆಯನ್ನು ಯಾರೂ ಕೇಳುವುದಿಲ್ಲ, ‘ತಿಂಗಳಿಗೆ ಎಷ್ಟು ಬೀಳತ್ತೆ ಅಣ್ಣ?’ ಎಂದು ಕೇಳುತ್ತಾರೆ. ಪ್ಯಾನ್ ಕಾರ್ಡಿನ ಫೋಟೋ, ಆಧಾರ್‌ನ ಒಟಿಪಿ, ಒಂದು ಸೆಲ್ಫಿ. ಚಹಾ ಆರುವುದರೊಳಗೆ ಸಾಲ ಮಂಜೂರು. ‘ನೋ ಕಾಸ್ಟ್ ಇಎಂಐ’ ಎಂಬ ಫಲಕದ ಕೆಳಗೆ ನಿಂತವನಿಗೆ ತಾನು ಫೈನಾನ್ಸ್ ಕಂಪನಿಯೊಂದರ ಸಾಲಗಾರನಾದೆ ಎನಿಸುವುದೇ ಇಲ್ಲ. ವಿದ್ಯಾರ್ಥಿಗೆ ಆದಾಯವಿಲ್ಲವೆಂದರೆ ಸಾಲ ಅಣ್ಣನ ಹೆಸರಿಗೋ ಅಪ್ಪನ ಹೆಸರಿಗೋ ಬೀಳುತ್ತದೆ. ಆಗ ಕಂತು ಕಟ್ಟುವವನು ಒಬ್ಬ, ಪುಟ ಇನ್ನೊಬ್ಬನದು. ಖಾತೆಯಲ್ಲಿ ನೂರು ರೂಪಾಯಿ ಕಡಿಮೆಯಾಗಿ ಒಂದು ಕಂತು ಬೌನ್ಸ್ ಆದರೆ ಬ್ಯಾಂಕು ಒಂದು ದಂಡ ಹಾಕುತ್ತದೆ, ಸಾಲ ಕೊಟ್ಟವರು ಇನ್ನೊಂದು ಹಾಕುತ್ತಾರೆ. ಅದಕ್ಕಿಂತ ಹೆಚ್ಚಿನ ಪೆಟ್ಟು ವರದಿಯಲ್ಲಿ ಕೂತಿರುತ್ತದೆ: ಹಿಂದಿನ 36 ತಿಂಗಳ ಮನೆಗಳಲ್ಲಿ, ಸೊನ್ನೆಗಳ ನಡುವೆ, ಎಷ್ಟು ದಿನ ತಡ ಎಂಬ ಅಂಕಿ.

ಇನ್ನೂ ನವಿರಾದ ಬಲೆ ಮೊಬೈಲಿನೊಳಗಿನ ಸಾಲದ ಆ್ಯಪ್‌ಗಳದು. ಈಗ ತಗೋ, ಆಮೇಲೆ ಕೊಡು ಎನ್ನುವ ವ್ಯಾಪಾರ ಇವುಗಳದು. ಐನೂರು, ಸಾವಿರದ ಮೊತ್ತ. ಸಿನಿಮಾ ಟಿಕೆಟ್ಟು, ಬಿರಿಯಾನಿ. ಆದರೆ ಪ್ರತಿ ಸಣ್ಣ ಸಾಲವೂ ವರದಿಯಲ್ಲಿ ಪ್ರತ್ಯೇಕ ಖಾತೆಯಾಗಿ ನಿಲ್ಲಬಹುದು. ಒಂದೇ ವಾರದಲ್ಲಿ ನಾಲ್ಕು ಆ್ಯಪ್‌ಗಳಲ್ಲಿ ಅರ್ಜಿ ಹಾಕಿದರೆ ನಾಲ್ಕು ವಿಚಾರಣೆಗಳು ದಾಖಲಾಗಿ, ಇವನಿಗೆ ದುಡ್ಡಿನ ಹಪಹಪಿ ಎಂದು ಲೆಕ್ಕ ಹಾಕುತ್ತದೆ ಯಂತ್ರ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ತಂದ ಡಿಜಿಟಲ್ ಸಾಲದ ನಿಯಮಗಳ ನಂತರ ಸಾಲದ ಹಣ ನೇರ ಸಾಲಗಾರನ ಖಾತೆಗೆ ಬರಬೇಕು, ಬಡ್ಡಿ ಮತ್ತು ಶುಲ್ಕವೆಲ್ಲ ಸೇರಿದ ಪೂರ್ಣ ವಿವರದ ಹಾಳೆ ಮೊದಲೇ ಕೊಡಬೇಕು, ಮನಸ್ಸು ಬದಲಾದರೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕೊಟ್ಟು ಹಿಂದೆ ಸರಿಯಲು ಕಾಲಾವಕಾಶವೂ ಇರಬೇಕು. ಹಾಳೆ ಓದುವವರು ಬೇಕಷ್ಟೆ.

ಕೋಡಿಂಗ್ ತರಬೇತಿ, ಆನ್‌ಲೈನ್ ಕೋರ್ಸುಗಳ ಕತೆಯೂ ಇದೇ. ‘ಫೀಸನ್ನು ಕಂತಿನಲ್ಲಿ ಕೊಡಿ’ ಎಂದು ತರಬೇತಿ ಕೇಂದ್ರದವರು ಹೇಳಿದಾಗ ಹುಡುಗರು ಅದು ಕೇಂದ್ರಕ್ಕೂ ತಮಗೂ ಇರುವ ಒಪ್ಪಂದವೆಂದುಕೊಳ್ಳುತ್ತಾರೆ. ಸಹಿ ಹಾಕಿದ್ದು ಮೂರನೆಯವರ ಸಾಲಪತ್ರಕ್ಕೆ. ಕೇಂದ್ರ ಬಾಗಿಲು ಮುಚ್ಚಿದರೂ ಸಾಲ ಮುಚ್ಚುವುದಿಲ್ಲ. ಇಂಥ ದೂರುಗಳು ಹೆಚ್ಚಿದ್ದರಿಂದಲೇ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲಿ ಪೋಷಕರಿಗೆ ಎಚ್ಚರಿಕೆಯ ಸಲಹೆ ಹೊರಡಿಸಿ, ಖಾತೆಯಿಂದ ತಾನಾಗಿ ಕಡಿತವಾಗುವ ವ್ಯವಸ್ಥೆಗೆ ಒಪ್ಪುವ ಮೊದಲು ಯೋಚಿಸಿ ಎಂದಿತು.

ಸಿಟ್ಟಿನಲ್ಲಿ ಕಂತು ನಿಲ್ಲಿಸಿದವರಿಗೆ ಒಂದೆರಡು ವರ್ಷದ ಮೇಲೆ ವಸೂಲಿಯವರ ಫೋನು ಬರುತ್ತದೆ. ‘ಹದಿನೆಂಟು ಸಾವಿರ ಬಾಕಿ ಇದೆ, ಎಂಟು ಕೊಡಿ, ಕ್ಲೋಸ್ ಮಾಡ್ತೀವಿ.’ ಕೇಳಲು ಸೊಗಸು. ಆದರೆ ವರದಿಯಲ್ಲಿ ಅದು ‘ಕ್ಲೋಸ್ಡ್’ ಆಗುವುದಿಲ್ಲ, ‘ಸೆಟಲ್ಡ್’ ಆಗುತ್ತದೆ. ಕೊಡಬೇಕಾದ್ದನ್ನು ಪೂರ್ತಿ ಕೊಡದೆ ರಾಜಿಯಾದವನು ಎಂದು ಅದರರ್ಥ. ಮುಂದೆ ಮನೆ ಸಾಲಕ್ಕೆ ಹೋದಾಗ ಮೊದಲು ಕಣ್ಣಿಗೆ ಬೀಳುವುದು ಆ ಒಂದು ಪದ. ಕೈಯಲ್ಲಿ ಆಗುವಂತಿದ್ದರೆ ಪೂರ್ತಿ ಕಟ್ಟಿ ಬೇಬಾಕಿ ಪತ್ರ ಬರೆಸಿಕೊಳ್ಳುವುದೇ ಮೇಲು.

ಗೆಳೆಯನ ಸಾಲಕ್ಕೆ ಜಾಮೀನು ಹಾಕುವುದರ ಬಗ್ಗೆ ನಮ್ಮ ಅಜ್ಜಂದಿರು ಹೇಳಿದ್ದೇ ಸಾಕು. ಜಾಮೀನುದಾರನ ಪುಟದಲ್ಲೂ ಆ ಸಾಲ ಕಾಣಿಸುತ್ತದೆ ಎಂಬುದಷ್ಟೇ ಹೊಸದು.

ತನ್ನ ಪುಟವನ್ನು ತಾನೇ ನೋಡಿಕೊಳ್ಳಲು ದುಡ್ಡು ಬೇಕಿಲ್ಲ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ಸಂಸ್ಥೆಗಳ ಸ್ವಂತ ಜಾಲತಾಣದಲ್ಲೇ ಪ್ಯಾನ್ ಸಂಖ್ಯೆ, ಮೊಬೈಲ್ ನಂಬರು ಕೊಟ್ಟು ತೆಗೆಯಬಹುದು. ಮೂರು ತಿಂಗಳಿಗೊಂದರಂತೆ ಹಂಚಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತಾಯಿತು. ತಾನೇ ನೋಡಿದರೆ ಸ್ಕೋರ್ ಇಳಿಯುತ್ತದೆ ಎಂಬ ಮಾತು ಸುಳ್ಳು. ಸಿಮ್ ಅಂಗಡಿಗೆ, ಲಾಡ್ಜಿಗೆ ಕೊಟ್ಟ ಪ್ಯಾನ್ ಪ್ರತಿ ಹಿಡಿದು ಬೇರೆ ಯಾರೋ ಸಾಲ ಎತ್ತಿದ್ದು ಹೀಗೆ ನೋಡಿದಾಗಲೇ ಬಯಲಾಗುವುದು. ಬ್ಯಾಂಕೊಂದು ನಮ್ಮ ವರದಿಯನ್ನು ತೆರೆದು ನೋಡಿದರೆ ಎಸ್‌ಎಂಎಸ್ ಅಥವಾ ಇಮೇಲ್ ಬರಬೇಕೆಂಬ ನಿಯಮವೂ ಬಂದಿದೆ; ಸಾಲ ಕೇಳದೆಯೇ ಅಂಥ ಸಂದೇಶ ಬಂದರೆ ಎಚ್ಚರವಾಗಬೇಕು. ತಪ್ಪು ಕಂಡವರು ದೂರು ಕೊಟ್ಟ 30 ದಿನದೊಳಗೆ ಅದು ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು. ಅಲ್ಲೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಶುಲ್ಕವಿಲ್ಲದೆ.

ಸಾಲದ ಚರಿತ್ರೆ ಇಡುವ ಈ ಲೆಕ್ಕ ಅಮೆರಿಕದಲ್ಲಿ ಬಹಳ ಹಳೆಯದು. 1841ರಲ್ಲಿ ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿ ಲೂಯಿಸ್ ಟಪ್ಪನ್, ಯಾರಿಗೆ ಉದ್ರಿ ಕೊಡಬಹುದು ಎಂದು ಊರೂರಿನ ವಕೀಲರಿಂದ ಪತ್ರ ಬರೆಸಿಕೊಂಡು ಮಾರುವ ಸಂಸ್ಥೆ ಕಟ್ಟಿದ. ಮುಂದೆ ಅಧ್ಯಕ್ಷರಾದ ಅಬ್ರಹಾಂ ಲಿಂಕನ್ ಕೂಡ ವಕೀಲಿ ಮಾಡುವಾಗ ಅಂಥ ವರದಿ ಬರೆದುಕೊಟ್ಟವರೇ. ಇಂದು ಹುಬ್ಬಳ್ಳಿಯಿಂದಲೋ ಹಾಸನದಿಂದಲೋ ಎಂಎಸ್ ಓದಲು ಹೋಗುವವರಿಗೆ ಈ ಲೆಕ್ಕ ಮೊದಲ ವಾರದಲ್ಲೇ ಎದುರಾಗುತ್ತದೆ. ಇಲ್ಲಿನ 780ರ ಸ್ಕೋರ್ ಅಲ್ಲಿ ತಾನಾಗಿ ಲೆಕ್ಕಕ್ಕೆ ಬರುವುದಿಲ್ಲ. ಬಾಡಿಗೆ ಮನೆಯವರು ಚರಿತ್ರೆ ಕೇಳುತ್ತಾರೆ, ಇಲ್ಲದಿದ್ದರೆ ಹೆಚ್ಚು ಠೇವಣಿ ಕೇಳುತ್ತಾರೆ. ಸೋಶಿಯಲ್ ಸೆಕ್ಯುರಿಟಿ ನಂಬರು ಸಿಗುವುದು ಕ್ಯಾಂಪಸ್ಸಿನಲ್ಲಿ ಗ್ರಂಥಾಲಯದ್ದೋ ಕ್ಯಾಂಟೀನಿನದ್ದೋ ಕೆಲಸ ಹಿಡಿದ ಮೇಲೆ. ಚರಿತ್ರೆ ಹುಟ್ಟುವವರೆಗೆ ಇನ್ನೂರು ಮುನ್ನೂರು ಡಾಲರ್ ಠೇವಣಿ ಇಟ್ಟು ಪಡೆಯುವ ಕಾರ್ಡೇ ಎಷ್ಟೋ ಮಂದಿಗೆ ಆಧಾರ. ಸೀನಿಯರ್‌ಗಳು ಜೂನಿಯರ್‌ಗಳಿಗೆ ಭಾರತದ ಅಂಗಡಿಯ ವಿಳಾಸದ ಜೊತೆಗೆ ಹೇಳಿಕೊಡುವ ಎರಡನೆಯ ಪಾಠ ಇದು.

ಮೂರನೆಯ ಪಾಠ ಹೇಳಿಕೊಡುವವರು ಇಲ್ಲ. ಟೆಕ್ಸಾಸ್‌ನಲ್ಲಿ ಕೂತವನು ಎರಡು ವರ್ಷ ಶಿಸ್ತಿನಿಂದ ಕಾರ್ಡು ಬಳಸಿ, ಅಲ್ಲಿನ 850ರ ಮಾಪಕದಲ್ಲಿ 720 ಮುಟ್ಟಿ, ಗೆಳೆಯರಿಗೆ ಫೋಟೋ ಕಳಿಸುತ್ತಾನೆ. ಅದೇ ತಿಂಗಳು ಊರಿನ ಖಾತೆಗೆ ಹಣ ಹಾಕುವುದು ಮರೆತು ಶಿಕ್ಷಣ ಸಾಲದ ಕಂತು ಬೌನ್ಸ್ ಆಗಿರುತ್ತದೆ. ಆ ಸಾಲದಲ್ಲಿ ಎರಡು ಹೆಸರಿದ್ದವಲ್ಲ. ಚನ್ನರಾಯಪಟ್ಟಣದ ಕಡೆಯ ಅಪ್ಪ ಎರಡು ಹಸು ಕೊಳ್ಳಲು ಸಾಲ ಕೇಳಿ ಬ್ಯಾಂಕಿಗೆ ಹೋಗಿ ಕೂತರೆ, ಮ್ಯಾನೇಜರು ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸುತ್ತಾರೆ. ‘ನಿಮ್ ಮಗಂದು ಕಂತು ನಿಂತಿದೆಯಲ್ಲ ಯಜಮಾನ್ರೇ, ಒಂದು ಫೋನ್ ಹಾಕಿ ಕೇಳಿ.’ ಅಲ್ಲಿ ಆಗ ನಡುರಾತ್ರಿ.